ಪೇಟೆಂಟ್ ಅರ್ಜಿಗೆ ಚಿತ್ರ ತಯಾರಿಸುವುದು ಹೇಗೆ?

ಪೇಟೆಂಟ್ ಅರ್ಜಿ ಅಂದರೆ ಹೆಚ್ಚಿನವರು ಬರವಣಿಗೆಯಲ್ಲೇ ಮುಳುಗುತ್ತಾರೆ, ಚಿತ್ರಗಳನ್ನು ಕೊನೇ ಗಳಿಗೆಗೆ ತಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ಚಿತ್ರ ಮಾಡಿ, ಅದನ್ನು ಎದುರಿಗಿಟ್ಟುಕೊಂಡು ಬರೆಯಿರಿ. ಬರೆಯುವಾಗ ‘ಸ್ಪ್ರಿಂಗನ್ನು ಸರಿಯಾಗಿ ಜೋಡಿಸಲಾಗಿದೆ’ ಅಂತ ತೇಲಿಸಿಬಿಡಬಹುದು. ಚಿತ್ರದಲ್ಲಿ ಅದು ನಡೆಯಲ್ಲ. ಸ್ಪ್ರಿಂಗಿನ ಒಂದು ತುದಿ ಎಲ್ಲಿ ಕೂತಿದೆ, ಇನ್ನೊಂದು ತುದಿ ಯಾವುದನ್ನು ಒತ್ತುತ್ತಿದೆ ಅಂತ ತೋರಿಸಲೇಬೇಕು.

ಚಿತ್ರ ಕಡ್ಡಾಯವಾ? ಆವಿಷ್ಕಾರವನ್ನು ಅರ್ಥ ಮಾಡಿಕೊಳ್ಳಲು ಬೇಕಿದ್ದರೆ ಕಡ್ಡಾಯ. ಪೇಟೆಂಟ್ ಸಹಕಾರ ಒಪ್ಪಂದ, ಅಂದರೆ ಎಲ್ಲರೂ ಪಿಸಿಟಿ ಅನ್ನುವ ಅಂತರರಾಷ್ಟ್ರೀಯ ಒಪ್ಪಂದ, ಇದನ್ನೇ ಹೇಳುತ್ತದೆ. ಯಂತ್ರ, ಉಪಕರಣ, ಸರ್ಕ್ಯೂಟ್ ಇದ್ದರೆ ಚಿತ್ರ ಬೇಕೇ ಬೇಕು ಅಂದುಕೊಳ್ಳಿ. ಹೊಸ ರಾಸಾಯನಿಕ ಮಿಶ್ರಣವಾದರೆ ಬಹಳ ಸಲ ಬೇಕಾಗುವುದಿಲ್ಲ, ರಾಸಾಯನಿಕ ಸೂತ್ರಗಳನ್ನು ವಿವರಣೆಯೊಳಗೇ ಬರೆಯಬಹುದು. ಒಂದು ವಿಧಾನಕ್ಕೆ ಪೇಟೆಂಟ್ ಕೇಳುತ್ತಿದ್ದರೆ ಫ್ಲೋಚಾರ್ಟ್ ಹಾಕಿ.

ಈಗ ಕೆಲಸ ಶುರು ಮಾಡೋಣ. ಮೊದಲು ನಿಮ್ಮ ಕ್ಲೇಮುಗಳನ್ನು, ಅಂದರೆ ಯಾವುದರ ಮೇಲೆ ಹಕ್ಕು ಕೇಳುತ್ತಿದ್ದೀರೋ ಆ ಸಾಲುಗಳನ್ನು, ಕರಡು ರೂಪದಲ್ಲಾದರೂ ಬರೆದು ಅದರಲ್ಲಿ ಬರುವ ಪ್ರತಿ ಭಾಗದ ಪಟ್ಟಿ ಮಾಡಿ. ತಾನಾಗಿಯೇ ಮುಚ್ಚಿಕೊಳ್ಳುವ ಬಾಟಲಿ ಮುಚ್ಚಳ ಅಂತ ಇಟ್ಟುಕೊಳ್ಳಿ. ಮುಚ್ಚಳ 10, ವಾಲ್ವ್ 12, ಸ್ಪ್ರಿಂಗ್ 14, ರಬ್ಬರ್ ವಾಷರ್ 16. ಒಂದೊಂದು ಸಂಖ್ಯೆ ಬಿಟ್ಟು ಕೊಡುವುದು ಒಳ್ಳೆಯದು, ಮಧ್ಯೆ ಒಂದು ಭಾಗ ನೆನಪಾದರೆ 13 ಖಾಲಿ ಇರುತ್ತದೆ. ವಾಷರ್ ಒಂದು ಚಿತ್ರದಲ್ಲಿ 16 ಆಗಿದ್ದರೆ ಎಲ್ಲ ಚಿತ್ರಗಳಲ್ಲೂ 16 ಆಗಿಯೇ ಇರಬೇಕು. ಚಿತ್ರದಲ್ಲಿರುವ ಸಂಖ್ಯೆ ವಿವರಣೆಯಲ್ಲೂ ಬರಬೇಕು, ವಿವರಣೆಯಲ್ಲಿರುವುದು ಚಿತ್ರದಲ್ಲೂ ಕಾಣಬೇಕು. ಸಾಮಾನ್ಯವಾಗಿ ತಪ್ಪುವುದು ಇಲ್ಲೇ, ಯಾಕೆಂದರೆ ಬರಹವನ್ನು ತಿದ್ದುತ್ತಾ ಹೋಗುತ್ತೇವೆ, ಚಿತ್ರ ಮಾತ್ರ ಹಳೆಯದೇ ಉಳಿದುಬಿಡುತ್ತದೆ.

ಆಮೇಲೆ ಯಾವ ಯಾವ ನೋಟ ಬೇಕು ಅಂತ ನೋಡಿ. ಇಡೀ ವಸ್ತು ಕಾಣುವಂತೆ ಒಂದು ಚಿತ್ರ ಇರಲಿ. ನಮ್ಮ ಮುಚ್ಚಳದಲ್ಲಿ ಹೊಸದೆಲ್ಲ ಒಳಗಿದೆ ಅಲ್ವಾ, ಹಾಗಾಗಿ ಅದನ್ನು ಸೀಳಿ ತೋರಿಸುವ ನೋಟ ಬೇಕು, ಅದೂ ಎರಡು: ವಾಲ್ವ್ ತೆರೆದಾಗ ಒಂದು, ಮುಚ್ಚಿದಾಗ ಒಂದು. ಸ್ಪ್ರಿಂಗ್ ಕುಗ್ಗಿರುವುದು, ಹಿಗ್ಗಿರುವುದು ಎರಡೂ ಕಂಡರೆ ಪರೀಕ್ಷಕರಿಗೆ ಅರ್ಧ ಪುಟದ ವಿವರಣೆ ಓದುವ ಕಷ್ಟ ತಪ್ಪುತ್ತದೆ. ಸೀಳಿದ ಭಾಗಕ್ಕೆ ಓರೆಗೆರೆ ಎಳೆಯಿರಿ, ಆದರೆ ಆ ಗೆರೆಗಳು ಸಂಖ್ಯೆಗಳನ್ನು ಮುಚ್ಚಬಾರದು.

ಗೆರೆಗಳು ಕಪ್ಪಾಗಿ, ಒಂದೇ ದಪ್ಪದಲ್ಲಿ, ಸ್ಪಷ್ಟವಾಗಿರಲಿ. ಪಿಸಿಟಿ ನಿಯಮದಲ್ಲಿ ಬಣ್ಣ ತುಂಬುವ ಹಾಗಿಲ್ಲ. ಸಂಖ್ಯೆ, ಅಕ್ಷರಗಳು ಕನಿಷ್ಠ 0.32 ಸೆಂ.ಮೀ. ಎತ್ತರ ಇರಬೇಕು, ಸಂಖ್ಯೆಗೆ ಸುತ್ತ ವೃತ್ತ ಹಾಕಬಾರದು, ಆವರಣ ಚಿಹ್ನೆಯೂ ಬೇಡ. ಚಿತ್ರದ ಮೇಲೆ ವಾಕ್ಯ ಬರೆಯುವಂತಿಲ್ಲ. ‘ನೀರು’, ‘ತೆರೆದಿದೆ’ ಅನ್ನುವಂಥ ಒಂದೊಂದು ಪದ ನಡೆಯುತ್ತದೆ. ಸರ್ಕ್ಯೂಟ್, ಫ್ಲೋಚಾರ್ಟ್‌ಗಳಿಗೆ ಇನ್ನು ಸ್ವಲ್ಪ ಜಾಸ್ತಿ ಅವಕಾಶವಿದೆ. ಅಳತೆಗಳನ್ನೂ ಬರೆಯಬೇಡಿ. ಇದು ವರ್ಕ್‌ಶಾಪಿಗೆ ಕೊಡುವ ಡ್ರಾಯಿಂಗ್ ಅಲ್ಲ. 12 ಮಿ.ಮೀ. ಅಂತ ಬರೆದರೆ, ಆ ಅಳತೆಗಷ್ಟೇ ಇದು ಅನ್ವಯ ಅಂತ ನಾಳೆ ಯಾರಾದರೂ ವಾದ ಹೂಡಬಹುದು.

ಹಾಳೆ ಎ4. ಅಂಚು ಮೇಲೆ ಮತ್ತು ಎಡಕ್ಕೆ 2.5 ಸೆಂ.ಮೀ., ಬಲಕ್ಕೆ 1.5, ಕೆಳಗೆ 1, ಸುತ್ತ ಚೌಕಟ್ಟು ಬೇಡ. ಇದು ಪಿಸಿಟಿ ಲೆಕ್ಕ. ಆಯಾ ದೇಶದ ಕಚೇರಿಗೆ ನೇರವಾಗಿ ಅರ್ಜಿ ಹಾಕುವುದಾದರೆ ಅಲ್ಲಿನ ನಿಯಮವನ್ನೇ ತೆರೆದು ನೋಡಿ, ಅಂಚು ಬೇರೆ ಇರಬಹುದು. ಎಲ್ಲ ಮುಗಿದ ಮೇಲೆ ಚಿತ್ರವನ್ನು ಮೂರನೇ ಎರಡರಷ್ಟು ಗಾತ್ರಕ್ಕೆ ಇಳಿಸಿ ಪ್ರಿಂಟ್ ತೆಗೆಯಿರಿ. ಅಷ್ಟು ಕುಗ್ಗಿಸಿದರೂ ಎಲ್ಲ ವಿವರ ಸುಲಭವಾಗಿ ಕಾಣಬೇಕು ಅನ್ನುವುದು ನಿಯಮದಲ್ಲೇ ಇದೆ. ವಾಷರ್ ಮತ್ತು ಸ್ಪ್ರಿಂಗ್ ಒಂದಕ್ಕೊಂದು ಅಂಟಿಕೊಂಡಂತೆ ಕಂಡರೆ ಆ ಭಾಗವನ್ನು ದೊಡ್ಡದು ಮಾಡಿ ಬೇರೆ ಚಿತ್ರವಾಗಿ ಕೊಡಿ.

ಇನ್ನೊಂದು ಮಾತು, ಇದನ್ನು ಮರೆಯಲೇಬೇಡಿ. ಅರ್ಜಿ ಹಾಕಿದ ಮೇಲೆ ಹೊಸ ವಿಷಯ ಸೇರಿಸಲು ಬಿಡುವುದಿಲ್ಲ. ವಿವರಣೆಯಲ್ಲಿ ‘ಚಿತ್ರ 3 ನೋಡಿ’ ಅಂತ ಇದ್ದು ಚಿತ್ರ 3 ಲಗತ್ತಿಸಿರದಿದ್ದರೆ, ಆಮೇಲೆ ಕೊಡಬಹುದು ನಿಜ, ಆದರೆ ನಿಮ್ಮ ಅರ್ಜಿಯ ದಿನಾಂಕವೇ ಆ ಚಿತ್ರ ತಲುಪಿದ ದಿನಕ್ಕೆ ಜಾರಬಹುದು. ಆ ನಡುವೆ ಬೇರೆ ಯಾರಾದರೂ ಅರ್ಜಿ ಹಾಕಿದ್ದರೆ ಅವರೇ ಮುಂದೆ. ಗೆರೆ ಒರಟಾಗಿದ್ದರೆ, ಅಂಚು ಕಡಿಮೆಯಾದರೆ ಸಾಮಾನ್ಯವಾಗಿ ಸರಿಪಡಿಸಲು ಸಮಯ ಕೊಡುತ್ತಾರೆ. ಹಾಗಾಗಿ ಸಮಯ ತೀರಾ ಕಡಿಮೆಯಿದ್ದರೆ ಅಂದವನ್ನು ಬಿಟ್ಟುಬಿಡಿ, ಕೈಯಲ್ಲೇ ಬರೆದದ್ದಾದರೂ ಸರಿ, ಪಟ್ಟಿಯಲ್ಲಿರುವ ಪ್ರತಿ ಭಾಗವೂ ಕಾಣುವ ಚಿತ್ರವನ್ನು ಮೊದಲ ದಿನವೇ ಅರ್ಜಿಯ ಜೊತೆ ಸಲ್ಲಿಸಿ.