ತಟ್ಟೆ ನಮ್ಮದು, ಹೊಟ್ಟೆ ಮಗುವಿನದು

ವರ್ಷ ತುಂಬಿದ ಮೇಲೆ ಮಗು ಊಟ ಕಮ್ಮಿ ಮಾಡಿತು ಅಂತ ಗಾಬರಿ ಬೀಳಬೇಡಿ. ಮೊದಲ ವರ್ಷ ಮಗು ಹುಟ್ಟಿದಾಗಿನ ತೂಕದ ಮೂರು ಪಟ್ಟು ಆಗುತ್ತದೆ. ಎರಡನೇ ವರ್ಷ ಪೂರ್ತಿ ಸೇರಿದರೂ ಏರುವುದು ಸುಮಾರು 2ರಿಂದ 2.5 ಕಿಲೋ. ಬೆಳೆಯುವ ಓಟ ನಿಧಾನವಾದರೆ ಹಸಿವೂ ಇಳಿಯುತ್ತದೆ, ಅಲ್ವಾ?

ನನ್ನ ದೊಡ್ಡ ಮಗನ ಕಾಲಕ್ಕೆ ಈ ಲೆಕ್ಕ ನನಗೆ ಗೊತ್ತಿರಲಿಲ್ಲ. ಬಟ್ಟಲು ಹಿಡಿದು ಮನೆಯೆಲ್ಲ ಅವನ ಹಿಂದೆ ಓಡುತ್ತಿದ್ದೆ. ಅವನೋ, ತುತ್ತನ್ನು ಕೆನ್ನೆಯೊಳಗೆ ಒತ್ತಿಟ್ಟುಕೊಂಡು ಸುಮ್ನೆ ನನ್ನನ್ನೇ ನೋಡುತ್ತಿದ್ದ. ಉಣ್ಣಲಿಲ್ಲವಲ್ಲ ಅಂತ ಮತ್ತೆ ಹಾಲು ಕುಡಿಸುತ್ತಿದ್ದೆ. ನಾನು ಎಡವಿದ್ದು ಅಲ್ಲೇ. ಹಾಲಿನಲ್ಲೇ ಹೊಟ್ಟೆ ತುಂಬಿದವನಿಗೆ ಊಟ ಯಾಕೆ ಬೇಕು? ದಿನಕ್ಕೆ ಅರ್ಧ ಲೀಟರ್ ದಾಟದಿರಲಿ. ಹಾಲಿನಲ್ಲಿ ಕಬ್ಬಿಣದ ಅಂಶ ತೀರಾ ಕಮ್ಮಿ. ಬರೀ ಹಾಲಿನ ಮೇಲೇ ಬೆಳೆದ ಮಗು ನೋಡಲು ಗುಂಡಗಿದ್ದರೂ ರಕ್ತ ಕಮ್ಮಿ ಇರಬಹುದು. ಕಾಳು, ಸೊಪ್ಪು, ಮೊಟ್ಟೆ ಕೊಡಿ. ತಿನ್ನುವವರಾದರೆ ಮಾಂಸವೂ ಆಗಬಹುದು. ಜೊತೆಗೆ ಎರಡು ತೊಳೆ ಕಿತ್ತಳೆ ಇದ್ದರೆ ಕಾಳು, ಸೊಪ್ಪಿನ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ.

ಎರಡು ಮೂರು ಗಂಟೆಗೊಮ್ಮೆ ತಿನ್ನಲು ಕೊಟ್ಟು, ನಡುವೆ ನೀರು ಬಿಟ್ಟರೆ ಬೇರೇನೂ ಬೇಡ. ಬಿಸ್ಕತ್ತೂ ಬೇಡ, ಜ್ಯೂಸೂ ಬೇಡ. ತಟ್ಟೆಗೆ ಒಂದೊಂದು ಪದಾರ್ಥ ಒಂದೆರಡು ಚಮಚ ಸಾಕು, ಬೇಕಾದರೆ ತಾನೇ ಕೇಳುತ್ತದೆ. ಏನು ಬಡಿಸಬೇಕು, ಯಾವಾಗ ಬಡಿಸಬೇಕು ಅನ್ನುವುದು ನಮ್ಮ ಕೆಲಸ. ಎಷ್ಟು ತಿನ್ನಬೇಕು ಅನ್ನುವುದು ಅದರ ಪಾಡು. ಅರ್ಧ ಗಂಟೆ ಆದ ಮೇಲೆ ಮುಖ ಸಿಂಡರಿಸದೆ ತಟ್ಟೆ ಎತ್ತಿಬಿಡಿ. ಮೊಬೈಲ್ ತೋರಿಸಿದರೆ ಬಾಯೇನೋ ತೆರೆಯುತ್ತದೆ, ಆದರೆ ಹೊಟ್ಟೆ ತುಂಬಿದ್ದು ಮಗುವಿಗೆ ತಿಳಿಯುವುದಿಲ್ಲ.

ಹೊಸ ರುಚಿ ಒಗ್ಗಲು ಹತ್ತು ಹದಿನೈದು ಸಲ ಮುಂದಿಡಬೇಕಾಗುತ್ತದೆ. ನಾವು ಮೂರನೇ ಸಲಕ್ಕೇ 'ಇವಳಿಗೆ ಸೇರಲ್ಲ' ಅಂತ ತೀರ್ಪು ಕೊಟ್ಟಿರುತ್ತೇವೆ. ನನ್ನ ಮೊಮ್ಮಗಳು ಬೇಯಿಸಿದ ಕ್ಯಾರೆಟ್ಟನ್ನು ಮೊದಲು ನೆಲಕ್ಕೆ ಎಸೆದಳು. ಆಮೇಲೆ ಬೆರಳಲ್ಲಿ ಹಿಸುಕಿದಳು. ಒಂದು ದಿನ ನೆಕ್ಕಿ ಉಗಿದಳು. ನಾನು ಏನೂ ಹೇಳದೆ ನನ್ನ ತಟ್ಟೆಯದನ್ನು ತಿನ್ನುತ್ತಿದ್ದೆ. ಎರಡು ವಾರ ಕಳೆದಿರಬೇಕು, ಕೈಚಾಚಿ ನನ್ನ ತಟ್ಟೆಯ ತುಂಡನ್ನೇ ಎತ್ತಿಕೊಂಡಳು!

ಇಡೀ ಬೀಜ, ಇಡೀ ದ್ರಾಕ್ಷಿ ಮಾತ್ರ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳಿ. ತೂಕ ಇಳಿಯುತ್ತಿದ್ದರೆ, ನುಂಗುವಾಗ ಪದೇ ಪದೇ ಕೆಮ್ಮಿದರೆ ನನ್ನಂಥವರ ಮಾತು ಕೇಳುತ್ತಾ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ.