ಅಜ್ಜಿಯ ಕುಂಕುಮದಿಂದ ಅಜ್ಜನ ಡಿವಿಜನ್ ಸಿಕ್ಕಿತು

ಎರಡನೇ ಮಹಾಯುದ್ಧದ ಕಾಲದ ಕಪ್ಪು ಬಿಳುಪು ಫೋಟೋದಲ್ಲಿ ಸೈನಿಕನ ತೋಳಿನ ಬಟ್ಟೆ ಗುರುತು, ಅಂದರೆ ಪ್ಯಾಚ್, ಸೇನೆಯ 19ನೇ ಇಂಡಿಯನ್ ಡಿವಿಜನ್‌ದೋ 20ನೆಯದೋ ಎಂದು ಹೇಳಲು ಆಗುವುದೇ ಇಲ್ಲ ಎಂದವರು ಒಬ್ಬಿಬ್ಬರಲ್ಲ. ಎರಡರಲ್ಲೂ ಒಂದು ಕೈ, ಕೈಯಲ್ಲಿ ಆಯುಧ. 19ರದ್ದು ಕೆಂಪು ಬಟ್ಟೆಯ ಮೇಲೆ ಹಳದಿ ಕೈ, ಬಾಕು. 20ರದ್ದು ಕಪ್ಪಿನ ಮೇಲೆ ಬಿಳಿ ಕೈ, ಕತ್ತಿ. ಬಣ್ಣ ಇದ್ದರೆ ಮಕ್ಕಳೂ ಹೇಳುತ್ತಾರೆ. ಬಣ್ಣ ಇಲ್ಲದೆಯೂ ಹೇಳಬಹುದು ಎಂದು ನಾನು ಹಾಸನದಲ್ಲಿ ಕೂತು ತೋರಿಸಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬಿ.ಎಂ. ರಸ್ತೆಯಲ್ಲಿ ನನ್ನದು ಸ್ಟುಡಿಯೋ, ಜೊತೆಗೆ ಫ್ರೇಮ್ ಕೆಲಸ. ಆ ಫೋಟೋ ಬಂದಿದ್ದು ಸಕಲೇಶಪುರದ ಆಚೆಯ ಒಂದು ತೋಟದ ಮನೆಯಿಂದ. ಅಜ್ಜ ಯೂನಿಫಾರ್ಮಿನಲ್ಲಿ ಕುರ್ಚಿ ಮೇಲೆ ಕೂತಿದ್ದಾರೆ, ಅಜ್ಜಿ ಪಕ್ಕದಲ್ಲಿ ನಿಂತಿದ್ದಾರೆ. ಹಿಂದುಗಡೆ 1946 ಎಂದು ಬರೆದಿದೆ. ಅಜ್ಜ ಆಫ್ರಿಕಾದಲ್ಲಿ ಯುದ್ಧ ಮಾಡಿದವರು, ತೋಳಿನಲ್ಲಿರುವುದು 4ನೇ ಡಿವಿಜನ್‌ನ ಕೆಂಪು ಹದ್ದು ಎಂದು ಮೊಮ್ಮಗನ ನಂಬಿಕೆ. ಫೋಟೋದಲ್ಲಿ ಆ ಪ್ಯಾಚ್ ಎಳ್ಳಿಗಿಂತ ತುಸು ದೊಡ್ಡದು, ಅಷ್ಟೇ.

ಮೊದಲ ತಪ್ಪು ನನ್ನದೇ. ಮಲೆನಾಡಿನ ಮಳೆಗೆ ಫೋಟೋ ಫ್ರೇಮಿನ ಗಾಜಿಗೆ ಅಂಟಿಕೊಂಡಿತ್ತು. ಆತುರಪಟ್ಟು ಹಬೆ ಕೊಟ್ಟು ಎತ್ತಲು ಹೋದೆ. ಹಿಂದಿನ ಪರದೆಯ ಮೂಲೆಯಲ್ಲಿ ಉಗುರಿನಷ್ಟು ಜಾಗ ಗಾಜಿನಲ್ಲೇ ಉಳಿಯಿತು. ಆ ರಾತ್ರಿ ನಿದ್ದೆ ಬರಲಿಲ್ಲ. ಪುಣ್ಯಕ್ಕೆ ತೋಳಿನ ಕಡೆ ಅಲ್ಲ. ಆಮೇಲೆ ಗಾಜಿನ ಸಮೇತವೇ ಸ್ಕ್ಯಾನ್ ಮಾಡಿದೆ. ನೀವೂ ಹಾಗೇ ಮಾಡಿ.

ದುಡ್ಡು ಹೋದದ್ದು ಹೇಳುತ್ತೇನೆ. ಮೊಬೈಲಿಗೆ ಹಾಕುವ ಮ್ಯಾಕ್ರೋ ಲೆನ್ಸ್, ಸುಮಾರು 900 ರೂಪಾಯಿ. ಹೊಳಪು ಹೊಡೆದು ಏನೂ ಕಾಣಲಿಲ್ಲ. ಸೆಕೆಂಡ್ ಹ್ಯಾಂಡ್ ಫ್ಲ್ಯಾಟ್‌ಬೆಡ್ ಸ್ಕ್ಯಾನರ್, 14 ಸಾವಿರದ ಹತ್ತಿರ. ಅದು ಮಾತ್ರ ದಂಡವಾಗಲಿಲ್ಲ. ಹಳೆ ಫೋಟೋ ಚೂಪು ಮಾಡುವ ಎಐ ಆ್ಯಪ್‌ಗೆ 1,800 ಕಟ್ಟಿದೆ. ಮೊದಲ ಸಲ ಗರಿ ಗರಿಯಾಗಿ ಹದ್ದು ಬಂತು! ಮೊಮ್ಮಗನಿಗೆ ಫೋನ್ ಮಾಡಲು ಹೊರಟಿದ್ದೆ. ಯಾಕೋ ಅನುಮಾನ ಬಂದು ಮತ್ತೆ ಹಾಕಿದೆ, ಹೂವು ಬಂತು. ಮೂರನೇ ಸಲ ಇಂಗ್ಲಿಷ್ ಅಕ್ಷರದಂಥದ್ದು. ಇಲ್ಲದ್ದನ್ನು ಬರೆದು ಕೊಡುವ ಯಂತ್ರ ಅದು. ಪ್ಯಾಚ್ ಕೆಲಸಕ್ಕೆ ಅದನ್ನು ಮುಟ್ಟಲೇಬೇಡಿ. ಕೊನೆಗೆ ಬೇರೆ ಊರಿನ ಒಬ್ಬ ಸಂಗ್ರಾಹಕರಿಗೆ ಎರಡೂವರೆ ಸಾವಿರ ಕೊಟ್ಟು ಕೇಳಿದೆ. ಒಂದೇ ಸಾಲಿನ ಉತ್ತರ: ಕೈ ಕಾಣುತ್ತಿದೆ, 20ನೇ ಡಿವಿಜನ್.

ಹದ್ದಲ್ಲ, ಕೈ ಎನ್ನುವುದು ನನ್ನ ಸ್ಕ್ಯಾನಿನಲ್ಲೂ ಕಂಡಿತ್ತು. ಆದರೆ ಆ ಕೈ ಬಿಳಿಯಾಗಿರಲಿಲ್ಲ. ಬೂದಿ ಬಣ್ಣ ಇತ್ತು. ಹಳೆ ಪ್ರಿಂಟು, ಮಾಸಿರುತ್ತದೆ ಎಂದರು ಆ ಸಂಗ್ರಾಹಕರು. ನನಗೆ ಒಪ್ಪಿಗೆಯಾಗಲಿಲ್ಲ.

ದಾರಿ ತೋರಿಸಿದ್ದು ಅಂಗಡಿಗೆ ಬಂದಿದ್ದ ಒಬ್ಬ ಹೆಂಗಸು. ಸ್ಕ್ರೀನ್ ನೋಡುತ್ತಾ, "ಈ ಅಜ್ಜಿ ಯಾಕೆ ಇಷ್ಟು ದೊಡ್ಡ ಕಪ್ಪು ಬೊಟ್ಟು ಇಟ್ಟಿದ್ದಾರೆ?" ಎಂದು ಕೇಳಿದರು. ಅದು ಕಪ್ಪು ಬೊಟ್ಟಲ್ಲ, ಕುಂಕುಮ. ಆ ಕಾಲದಲ್ಲಿ ಬಳಸುತ್ತಿದ್ದ ಆರ್ಥೋ ಎಂಬ ಕಪ್ಪು ಬಿಳುಪು ಫಿಲ್ಮಿಗೆ ಕೆಂಪು ಕಾಣುವುದಿಲ್ಲ, ಕಪ್ಪಾಗಿಯೇ ಬರುತ್ತದೆ. ನಮ್ಮ ಕಸುಬಿನವರಿಗೆಲ್ಲ ಗೊತ್ತಿರುವ ವಿಷಯ ಅಲ್ವಾ? ಕೊಡಕ್‌ನ ವೆರಿಕ್ರೋಮ್ ಫಿಲ್ಮ್ ಕೂಡ ಆರ್ಥೋನೇ, ಕೆಂಪೂ ಕಾಣುವ ಅದರ ಪ್ಯಾನ್ ರೋಲ್ ಬಂದಿದ್ದು 1956ರಲ್ಲಿ. ಆದರೆ ಈ ಮಾತನ್ನು ಪ್ಯಾಚಿಗೆ ಹಚ್ಚಿ ನೋಡಬೇಕು ಎಂದು ನನಗೆ ಹೊಳೆದಿರಲಿಲ್ಲ.

ಅದೇ ಫೋಟೋದಲ್ಲಿ ಅಜ್ಜಿಯ ಕೊರಳಿನಲ್ಲಿ ಅರಿಶಿನ ಹಚ್ಚಿದ ತಾಳಿ ದಾರ ಇದೆ. ಮುಡಿಯಲ್ಲಿ ಮಲ್ಲಿಗೆ ಇದೆ. ಕೆಂಪು, ಹಳದಿ, ಬಿಳಿ. ಮೂರೂ ಬಣ್ಣ ಅದೇ ಫಿಲ್ಮಿನಲ್ಲಿ, ಅದೇ ಬೆಳಕಿನಲ್ಲಿ, ಅಜ್ಜನ ತೋಳಿನಿಂದ ಒಂದು ಗೇಣು ದೂರದಲ್ಲಿ. ಫೋಟೋಶಾಪಿನಲ್ಲಿ ಒಂದೊಂದನ್ನೂ ಅಳೆದೆ, ಅಲ್ಲಿ 0 ಎಂದರೆ ಪೂರ್ತಿ ಕಪ್ಪು, 255 ಎಂದರೆ ಪೂರ್ತಿ ಬಿಳಿ. ನೆನಪಿನಿಂದ ಹೇಳುತ್ತಿದ್ದೇನೆ: ಮಲ್ಲಿಗೆ 225ರ ಸುತ್ತಮುತ್ತ, ದಾರ 110, ಕುಂಕುಮ 30. ಆಮೇಲೆ ಪ್ಯಾಚಿನ ಮೇಲೆ ಕರ್ಸರ್ ಇಟ್ಟೆ. ಹಿನ್ನೆಲೆ 30-35. ಕೈ 105ರಿಂದ 115. ಕೈ ಮಲ್ಲಿಗೆಗೆ ಹೊಂದಲಿಲ್ಲ, ತಾಳಿ ದಾರಕ್ಕೆ ಹೊಂದಿತು. ಹಳದಿ ಕೈ. 19ನೇ ಡಿವಿಜನ್. ಒಬ್ಬನೇ ಕೂತಿದ್ದರೂ ಜೋರಾಗಿ ಕೂಗಿಬಿಟ್ಟೆ.

ಇಷ್ಟಾದರೂ ನಂಬಿದವರಿಲ್ಲ. ಹಾಗಾಗಿ ಒಂದು ಪರೀಕ್ಷೆ ಮಾಡಿದೆ. ಟೈಲರ್ ಹತ್ತಿರ ಎರಡೂ ಪ್ಯಾಚ್ ಹೊಲಿಸಿದೆ, 250 ರೂಪಾಯಿ. ಬಣ್ಣದ ಫೋಟೋ ತೆಗೆದು, ಆರ್ಥೋ ಹಾಗೆ ಕಾಣಲಿ ಎಂದು ಅದರ ಕೆಂಪು, ಹಸಿರು ಭಾಗ ಬಿಟ್ಟು ಬರೀ ನೀಲಿ ಚಾನೆಲ್ ಇಟ್ಟುಕೊಂಡೆ. ಸರಿಹೋಗಲಿಲ್ಲ. ಹಳದಿಯೂ ಕಪ್ಪಾಗಿ ಕೆಂಪಿನಲ್ಲಿ ಮುಳುಗಿತು. ಆರ್ಥೋಗೆ ಹಸಿರೂ ಕಾಣುತ್ತದೆ, ಅದನ್ನೂ ಬೆರೆಸಬೇಕು. ಎಷ್ಟು ಬೆರೆಸಬೇಕು ಎನ್ನುವ ಲೆಕ್ಕ ನನ್ನ ಹತ್ತಿರವೇ ಇರಲಿ. ಅದಕ್ಕೆ ಎರಡು ತಿಂಗಳು ಹಿಡಿದಿದೆ. ಆಮೇಲೆ ಇಲ್ಫೋರ್ಡ್ ಆರ್ಥೋ ಪ್ಲಸ್ ರೋಲ್ ತರಿಸಿದೆ, ಸಾವಿರದ ಮೇಲಾಯಿತು. ನನ್ನ ಹಳೆ ಯಾಶಿಕಾ ಕ್ಯಾಮೆರಾದಲ್ಲಿ ಹಾಕಿ ಹೊಡೆದೆ. ಕೆಂಪು ಬಲ್ಬಿನ ಬೆಳಕಿನಲ್ಲಿ ಟ್ರೇಯಲ್ಲಿ ತೊಳೆಯುವಾಗ ನೆಗೆಟಿವ್ ನಿಧಾನಕ್ಕೆ ಮೂಡಿ ಬಂತು. ಒಂದು ಕೈ ದಟ್ಟವಾಗಿ ಮೂಡಿತು, ಇನ್ನೊಂದು ತೆಳ್ಳಗೆ. ಸ್ಕ್ಯಾನಿನಲ್ಲಿ ಕಂಡ ವ್ಯತ್ಯಾಸವೇ.

ಇದರಿಂದ ಬೇರೆ ಲಾಭವೂ ಆಯಿತು. 5ನೇ ಡಿವಿಜನ್‌ದು ಕಪ್ಪು ಚೌಕದಲ್ಲಿ ಕೆಂಪು ಗುಂಡು. ಆರ್ಥೋದಲ್ಲಿ ಗುಂಡು ಮಾಯ, ಸುಮ್ನೆ ಕಪ್ಪು ಚೌಕ ಉಳಿಯುತ್ತದೆ. ಖಾಲಿ ಪಟ್ಟಿ ಎಂದು ನಾನೇ ಪಕ್ಕಕ್ಕಿಟ್ಟಿದ್ದ ಎರಡು ಫೋಟೋ ಮತ್ತೆ ತೆಗೆದೆ. 26ನೇ ಡಿವಿಜನ್‌ನ ಹುಲಿ ಹೊರಬರುವುದು ನೀಲಿ ತ್ರಿಕೋನದಿಂದ. ನೀಲಿ ಬೆಳ್ಳಗೆ ಬರುತ್ತದೆ, ಹಾಗಾಗಿ ಅದು ಬೇಗ ಸಿಗುತ್ತದೆ. ನನಗೆ ಜಾಸ್ತಿ ಆಸೆ ಇರುವುದು 25ನೆಯದರ ಮೇಲೆ. 1942ರಲ್ಲಿ ಬೆಂಗಳೂರಿನಲ್ಲೇ ಕಟ್ಟಿದ ಡಿವಿಜನ್ ಅದು, ಹಸಿರಿನ ಮೇಲೆ ಇಸ್ಪೀಟೆಲೆಯ ಕಪ್ಪು ಸ್ಪೇಡ್ ಗುರುತು. ನಮ್ಮ ಜಿಲ್ಲೆಯ ಮನೆಗಳಲ್ಲಿ ಇರಲೇಬೇಕು ಎನ್ನಿಸುತ್ತದೆ. ಇನ್ನೂ ಒಂದೂ ಕೈಗೆ ಬಂದಿಲ್ಲ.

ಅಳೆಯುವ ಮೊದಲು ಎರಡು ವಿಷಯ ನೋಡಿಕೊಳ್ಳಿ. ಶರ್ಟಿನ ಗುಂಡಿ, ಎದೆಯ ರಿಬ್ಬನ್ ಯಾವ ಕಡೆ ಇವೆ? ನೆಗೆಟಿವ್ ತಿರುಗಿಸಿ ಪ್ರಿಂಟ್ ಹಾಕಿದ್ದರೆ ಎಲ್ಲಾ ಉಲ್ಟಾ. ಹದ್ದು ಯಾವ ಕಡೆ ಮುಖ ಮಾಡಿದೆ ಎಂದು ನಾನು ಒಂದು ವಾರ ತಲೆ ಕೆಡಿಸಿಕೊಂಡಿದ್ದು ಹೀಗೇ. ಇನ್ನೊಂದು, ಕುಂಕುಮ ಒಂದನ್ನೇ ನಂಬಬೇಡಿ. ನಿಜವಾಗಿಯೂ ಕಪ್ಪು ಬೊಟ್ಟು ಇಟ್ಟಿರಬಹುದು. ದಾರವೂ ಬೇಕು, ಹೂವೂ ಬೇಕು. ಬೂಷ್ಟು ಹಿಡಿದ ಪ್ರಿಂಟಿಗೆ ಬೆಳಕು ಎಲ್ಲಿ ಇಡಬೇಕು ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅಂಗಡಿಗೆ ಬಂದರೆ ತೋರಿಸುತ್ತೇನೆ.

ಏಳೆಂಟು ತಿಂಗಳ ಮೇಲೆ ಆ ಮನೆಯವರು ಹೆಂಚು ಬದಲಿಸಲು ಅಟ್ಟ ಖಾಲಿ ಮಾಡಿದರು. ಟ್ರಂಕಿನ ತಳದಲ್ಲಿ, ಹಳೆ ಪೇಪರಿನ ಕೆಳಗೆ, ನುಸಿ ತಿಂದ ಒಂದು ಬಟ್ಟೆ ತುಂಡು. ಮೊಮ್ಮಗ ಅದನ್ನು ಬೆಂಕಿಪೊಟ್ಟಣದಲ್ಲಿಟ್ಟು ತಂದ. ಕೆಂಪು ಬಟ್ಟೆ, ಹಳದಿ ಕೈ, ಬಾಕು. ಅಂಚಿನಲ್ಲಿ ಹೊಲಿಗೆ ಬಿಚ್ಚಿದ ಖಾಕಿ ದಾರ ಇನ್ನೂ ನೇತಾಡುತ್ತಿತ್ತು. 1945ರ ಮಾರ್ಚ್‌ನಲ್ಲಿ ಮಂಡಲೆ ಹಿಡಿದ ಡಿವಿಜನ್ ಇದು, ಆಫ್ರಿಕಾ ಅಲ್ಲ, ಬರ್ಮಾ ಎಂದು ಹೇಳಿದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಫೋಟೋ, ಪ್ಯಾಚ್ ಎರಡನ್ನೂ ಒಂದೇ ಫ್ರೇಮಿಗೆ ಹಾಕಿದೆ, ಗಾಜಿಗೆ ತಾಗದ ಹಾಗೆ. ಫ್ರೇಮಿನ 850 ಮಾತ್ರ ತೆಗೆದುಕೊಂಡೆ.

ಈಗ ಮೇಜಿನ ಮೇಲೆ ಅರಸೀಕೆರೆ ಕಡೆಯ ಒಂದು ಫೋಟೋ ಇದೆ. ಹೆಂಗಸರು ಯಾರೂ ಇಲ್ಲ, ಸೈನಿಕ ಮತ್ತು ಅವನ ಅಪ್ಪ ಮಾತ್ರ. ಅಪ್ಪನ ಹಣೆಯಲ್ಲಿ ನಾಮ ಇದೆ. ಆಚೀಚೆಯ ಗೆರೆ ಬಿಳಿ, ನಡುವಿನದು ಕಪ್ಪಾಗಿ ಬಂದಿದೆ. ಅಲ್ಲಿಂದ ಅಳೆಯಲು ಶುರು ಮಾಡಿದ್ದೇನೆ.