18 ನಿಮಿಷದ ಗೋಪುರ: ತಂಡಕ್ಕೆ ಯೋಜನೆ ಕಲಿಸುವ ಒಂದು ವಿಧಾನ

ಕಾಲೇಜಿನ ಎನ್‌ಎಸ್‌ಎಸ್ ಘಟಕಕ್ಕಾಗಲಿ, ಮಹಿಳಾ ಸ್ವಸಹಾಯ ಸಂಘಕ್ಕಾಗಲಿ, ಹೊಸದಾಗಿ ಕೆಲಸಕ್ಕೆ ಸೇರಿದ ಶಿಕ್ಷಕರ ಬಳಗಕ್ಕಾಗಲಿ ಒಟ್ಟಾಗಿ ಯೋಜಿಸಿ ದುಡಿಯುವುದನ್ನು ಕಲಿಸಬೇಕಾದಾಗ, ಒಂದು ಗಂಟೆಯ ಉಪನ್ಯಾಸಕ್ಕಿಂತ 18 ನಿಮಿಷದ ಒಂದು ಚಟುವಟಿಕೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ವಿನ್ಯಾಸಕಾರ ಪೀಟರ್ ಸ್ಕಿಲ್‌ಮನ್ ರೂಪಿಸಿದ, ಟಾಮ್ ವುಜೆಕ್ ಅವರ 2010ರ ಭಾಷಣದಿಂದ ಜಗತ್ತಿನಾದ್ಯಂತ ಪರಿಚಿತವಾದ ಈ ಚಟುವಟಿಕೆಯ ನಿಯಮ ಸರಳವಾಗಿದೆ. ನಾಲ್ವರ ತಂಡಕ್ಕೆ ಸ್ಪಾಗೆಟ್ಟಿ ಎಂಬ ಉದ್ದನೆಯ ಶಾವಿಗೆಯ ಬೇಯಿಸದ 20 ಕಡ್ಡಿಗಳು, ಒಂದು ಗಜ ಅಂಟುಪಟ್ಟಿ, ಒಂದು ಗಜ ದಾರ ಮತ್ತು ಒಂದು ಮಾರ್ಷ್‌ಮ್ಯಾಲೊ ಮಿಠಾಯಿಯನ್ನು ಕೊಡಲಾಗುತ್ತದೆ. ಮಿಠಾಯಿಯನ್ನು ನೆತ್ತಿಯ ಮೇಲೆ ಹೊತ್ತು, ಯಾರ ಕೈಯ ಆಸರೆಯೂ ಇಲ್ಲದೆ ನಿಲ್ಲುವ ಅತಿ ಎತ್ತರದ ಗೋಪುರವನ್ನು ಕಟ್ಟಿದವರು ಗೆದ್ದಂತೆ.

ಈ ಸಾಮಗ್ರಿಗಾಗಿ ಚಿತ್ತಾಪುರ, ಶಹಾಪುರ, ಔರಾದಗಳಂಥ ಊರುಗಳಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆಯುವ ಅಗತ್ಯವಿಲ್ಲ. ತೆಂಗಿನ ಗರಿಯ ಕಸಬರಿಗೆಯಿಂದ ತೆಳ್ಳನೆಯ ಕಡ್ಡಿಗಳನ್ನು ಆರಿಸಿ, ಎಲ್ಲವನ್ನೂ ಸುಮಾರು 25 ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿಕೊಂಡರೆ ಸಾಕು. ಸ್ಪಾಗೆಟ್ಟಿ ಪಟ್ಟನೆ ಮುರಿಯುತ್ತದೆ, ತೆಂಗಿನ ಕಡ್ಡಿ ಬಾಗುತ್ತದೆ. ಆದರೆ ಭಾರ ಏರಿದಾಗ ಎರಡೂ ಕಲಿಸುವ ಪಾಠ ಒಂದೇ. ಮಿಠಾಯಿಯ ಬದಲಿಗೆ ಜೋಳದ ಹಿಟ್ಟನ್ನು ರೊಟ್ಟಿಯ ಹದಕ್ಕೆ ನಾದಿ, ಅಡಿಕೆಗಿಂತ ತುಸು ದೊಡ್ಡದಾದ ಉಂಡೆ ಕಟ್ಟಿ, ಬಿರುಕು ಬಿಡದಂತೆ ಒದ್ದೆ ಬಟ್ಟೆಯಲ್ಲಿ ಮುಚ್ಚಿಡಿ. ಎಲ್ಲ ತಂಡಗಳಿಗೂ ಒಂದೇ ತೂಕದ ಉಂಡೆ ಸಿಗಬೇಕು. ಗೋಪುರ ನಿಲ್ಲಬೇಕಾದರೆ ಫ್ಯಾನ್ ನಿಲ್ಲಿಸಲೇಬೇಕಾಗುತ್ತದೆ; ನಮ್ಮ ಕಡೆಯ ಏಪ್ರಿಲ್, ಮೇ ತಿಂಗಳ ಬಿಸಿಲಲ್ಲಿ ಮಧ್ಯಾಹ್ನ ಅದು ಸಾಧ್ಯವಾಗದ ಮಾತಾದುದರಿಂದ ಬೆಳಗಿನ ಹೊತ್ತನ್ನೇ ಆರಿಸಿಕೊಳ್ಳಿ.

ಆರಂಭಕ್ಕೆ ಮೊದಲು ನಿಯಮಗಳನ್ನು ಎರಡು ಸಲ ಓದಿ ಹೇಳಿ. ಕಡ್ಡಿಯನ್ನು ಮುರಿಯಬಹುದು, ದಾರವನ್ನೂ ಅಂಟುಪಟ್ಟಿಯನ್ನೂ ಕತ್ತರಿಸಬಹುದು, ಆದರೆ ಉಂಡೆಯನ್ನು ಒಡೆಯುವಂತಿಲ್ಲ. ಮೇಜಿನ ಮೇಲ್ಮೈಯಿಂದ ಉಂಡೆಯವರೆಗೆ ಅಳತೆ ಮಾಡಲಾಗುತ್ತದೆ. ಪ್ರತಿ ತಂಡದ ಬಳಿಯೂ ಕಾಗದ ಮತ್ತು ಗಡಿಯಾರ ಹಿಡಿದ ಒಬ್ಬ ವೀಕ್ಷಕರನ್ನು ಕೂರಿಸಿ. ಅವರು ಬಾಯಿ ಬಿಡಬಾರದು. ಮೊದಲ ಕಡ್ಡಿಯನ್ನು ಮುಟ್ಟಿದ್ದು ಎಷ್ಟನೆಯ ನಿಮಿಷದಲ್ಲಿ, ಉಂಡೆಯನ್ನು ಮೊದಲ ಬಾರಿಗೆ ಮೇಲಿಟ್ಟದ್ದು ಎಷ್ಟನೆಯ ನಿಮಿಷದಲ್ಲಿ, ಯಾರ ಸಲಹೆಯನ್ನು ಯಾರೂ ಕೇಳಿಸಿಕೊಳ್ಳಲಿಲ್ಲ, ಉಳಿದ ಸಮಯವನ್ನು ನೆನಪಿಸಿದವರು ಯಾರು ಎಂಬ ನಾಲ್ಕನ್ನೇ ಬರೆದುಕೊಳ್ಳಬೇಕು. ಈ ಕಾಗದವಿಲ್ಲದಿದ್ದರೆ ಆಮೇಲಿನ ಚರ್ಚೆ ಬರೀ ಅಭಿಪ್ರಾಯಗಳ ಜಗಳವಾಗುತ್ತದೆ.

ಸಾಮಾನ್ಯವಾಗಿ ನಡೆಯುವುದು ಹೀಗೆ: ಮೊದಲ ಕೆಲವು ನಿಮಿಷಗಳು ಯಾರ ಮಾತು ನಡೆಯಬೇಕೆಂಬುದರಲ್ಲೇ ಕಳೆಯುತ್ತವೆ, ಆಮೇಲೆ ಒಬ್ಬರು ಚಿತ್ರ ಬರೆಯುತ್ತಾರೆ, ಉಳಿದವರು ಅದನ್ನು ಒಪ್ಪಿ ಕಟ್ಟುತ್ತ ಹೋಗುತ್ತಾರೆ. ಕೊನೆಯ ನಿಮಿಷದಲ್ಲಿ ಉಂಡೆಯನ್ನು ತುದಿಗೆ ಚುಚ್ಚಿದಾಗ ಕಾಲುಗಳು ಹೊರಕ್ಕೆ ಜಾರುತ್ತವೆ, ನಡುವಿನ ಗಂಟು ತಿರುಚಿಕೊಳ್ಳುತ್ತದೆ, ಗೋಪುರ ಮೆಲ್ಲಗೆ ಒಂದು ಕಡೆಗೆ ವಾಲುತ್ತದೆ. ಹಿಡಿದ ಕೈ ಬಿಡಲು ಯಾರಿಗೂ ಮನಸ್ಸಾಗುವುದಿಲ್ಲ. ಉಂಡೆ ಹಗುರವಾದದ್ದು ಎಂದು ಎಲ್ಲರೂ ನಂಬಿರುತ್ತಾರೆ, ಆ ನಂಬಿಕೆಯನ್ನು ಯಾರೂ ಪರೀಕ್ಷಿಸಿರುವುದಿಲ್ಲ.

ವುಜೆಕ್ ಅವರ ಅನುಭವದಲ್ಲಿ ವ್ಯವಹಾರಾಡಳಿತದ ಪದವೀಧರರಿಗಿಂತ ಶಿಶುವಿಹಾರದ ಮಕ್ಕಳು ಎತ್ತರದ ಗೋಪುರ ಕಟ್ಟಿದ್ದರು. ದೊಡ್ಡವರು ಸರಿಯಾದ ಒಂದೇ ಯೋಜನೆಯನ್ನು ಹುಡುಕುತ್ತ ಕುಳಿತರೆ, ಮಕ್ಕಳು ಮಿಠಾಯಿಯನ್ನು ಮೊದಲಿಗೇ ಕೈಗೆತ್ತಿಕೊಂಡು, ಚಿಕ್ಕದೊಂದನ್ನು ಕಟ್ಟಿ ನೋಡಿ, ಬಿದ್ದರೆ ಮತ್ತೆ ಕಟ್ಟುತ್ತಾರೆ. ಮುಖ್ಯ ಕಾರ್ಯನಿರ್ವಾಹಕರ ತಂಡಕ್ಕೆ ಅವರ ಕಚೇರಿ ಸಹಾಯಕರೊಬ್ಬರನ್ನು ಸೇರಿಸಿದಾಗ ಫಲಿತಾಂಶ ಎದ್ದುಕಾಣುವಷ್ಟು ಸುಧಾರಿಸಿತ್ತು; ಏಕೆಂದರೆ ಕೆಲಸದ ಓಟವನ್ನು ಗಮನಿಸಿ ಹೊಂದಿಸುವವರು ಒಬ್ಬರಾದರೂ ಬೇಕು. 10,000 ಡಾಲರ್ ಬೆಲೆಯ ಬಹುಮಾನ ಇಟ್ಟಾಗ ಹತ್ತು ತಂಡಗಳಲ್ಲಿ ಒಂದರ ಗೋಪುರವೂ ನಿಲ್ಲಲಿಲ್ಲ. ಆದ್ದರಿಂದ ಮೊದಲ ಸುತ್ತಿಗೆ ಬಹುಮಾನ ಇಡಬೇಡಿ.

ಯೋಜನೆಯ ನಡುನಡುವೆಯೇ ಪರೀಕ್ಷೆಗೆ ಜಾಗ ಇಡುವುದನ್ನು ವಿವರಿಸಲು ನಮಗೆ ದೂರದ ಉದಾಹರಣೆ ಬೇಕಿಲ್ಲ. ಬೀದರಿನ ನೌಬಾದ್ ಬಳಿ ಬಹಮನಿ ಕಾಲದ ಸುರಂಗ ಬಾವಿ, ಅಂದರೆ ಕರೇಜ್, ಇದೆ. ಜಂಬಿಟ್ಟಿಗೆ ಕಲ್ಲಿನೊಳಗೆ ನೀರು ತಾನಾಗಿ ಹರಿಯುವಷ್ಟು ಸಣ್ಣ ಇಳಿಜಾರನ್ನು ಕಾಯ್ದುಕೊಂಡು ತೋಡಿದ ಕಾಲುವೆ ಅದು. ಇಂಥ ಕಾಲುವೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಕಣ್ಣುಮುಚ್ಚಿ ಕೊರೆಯುವುದಿಲ್ಲ. ಅಲ್ಲಲ್ಲಿ ನೇರವಾಗಿ ಬಾವಿಗಳನ್ನು ಇಳಿಸಿ, ಒಂದರ ತಳದಿಂದ ಮುಂದಿನದರ ತಳಕ್ಕೆ ಸುರಂಗವನ್ನು ಕೂಡಿಸುತ್ತ ಹೋಗುತ್ತಾರೆ. ಆ ಬಾವಿಗಳಿಂದಲೇ ಗಾಳಿ ಒಳಬರುತ್ತದೆ, ಮಣ್ಣು ಹೊರಬರುತ್ತದೆ; ದಿಕ್ಕಾಗಲಿ ಮಟ್ಟವಾಗಲಿ ತಪ್ಪಿದ್ದರೆ ಅದು ಮುಂದಿನ ಬಾವಿಯಲ್ಲೇ ಗೊತ್ತಾಗುತ್ತದೆ, ಕಾಲುವೆಯ ಕೊನೆಯಲ್ಲಲ್ಲ. ಬೀದರಿನ ತಂಡಗಳನ್ನು ಸಾಧ್ಯವಾದರೆ ಅಲ್ಲಿಗೇ ಕರೆದೊಯ್ದು ತೋರಿಸಿ.

ಚರ್ಚೆಗೆ ಕಟ್ಟಿದ ಸಮಯದ ಎರಡರಷ್ಟನ್ನಾದರೂ ಮೀಸಲಿಡಿ, ಏಕೆಂದರೆ ಕಲಿಕೆ ನಡೆಯುವುದು ಅಲ್ಲಿ. ಮೊದಲು ವೀಕ್ಷಕರು ಬರೆದದ್ದನ್ನು ಓದಲಿ. ಯಾರಿಂದ ಬಿತ್ತು ಎಂದು ಕೇಳಬೇಡಿ. ಬೀಳುತ್ತದೆಂದು ಎಷ್ಟನೆಯ ನಿಮಿಷದಲ್ಲಿ ತಿಳಿಯಬಹುದಾಗಿತ್ತು ಎಂದು ಕೇಳಿ. ಈ ಒಂದು ಪ್ರಶ್ನೆಯಿಂದ ಮಾತು ವ್ಯಕ್ತಿಗಳನ್ನು ಬಿಟ್ಟು ಕೆಲಸದ ಕಡೆಗೆ ತಿರುಗುತ್ತದೆ. ನಮ್ಮ ಕಡೆ ಹಿರಿಯರ ಮುಂದೆ ಕಿರಿಯರು, ಗಂಡಸರ ಮುಂದೆ ಹೆಣ್ಣುಮಕ್ಕಳು ತಮ್ಮ ವಿಚಾರವನ್ನು ನುಂಗಿಕೊಳ್ಳುವುದು ಹೆಚ್ಚು. ಹುಡುಗರು ನಕ್ಷೆ ಹಾಕಿ, ಹುಡುಗಿಯರು ಅಂಟುಪಟ್ಟಿ ಕತ್ತರಿಸಿ ಕೊಡುವಷ್ಟಕ್ಕೇ ಉಳಿಯುವುದನ್ನು ಸುಮ್ಮನೆ ಬಿಡಬಾರದು. ಎರಡನೆಯ ಸುತ್ತಿಗೆ ಮೊದಲು ಪ್ರತಿಯೊಬ್ಬರೂ ಎರಡು ನಿಮಿಷ ಮೌನವಾಗಿ ತಮ್ಮ ಸಲಹೆಯನ್ನು ಚೀಟಿಯಲ್ಲಿ ಬರೆಯಲಿ, ಎಲ್ಲ ಚೀಟಿಗಳನ್ನೂ ಓದಿದ ಮೇಲೆಯೇ ಮಾತು ಶುರುವಾಗಲಿ.

ಎರಡನೆಯ ಸುತ್ತನ್ನು ಅದೇ ದಿನ ನಡೆಸಿ, ಒಂದೇ ನಿಯಮ ಸೇರಿಸಿ: ಐದನೆಯ ನಿಮಿಷದೊಳಗೆ ಎಷ್ಟೇ ಗಿಡ್ಡದಾದರೂ ಉಂಡೆ ಹೊತ್ತು ನಿಂತ ಒಂದು ಗೋಪುರ ಇರಬೇಕು. ಸಮಯ ನೋಡುವ ಹೊಣೆ ಒಬ್ಬರದಾಗಿರಲಿ.

ಆಮೇಲೆ ತಂಡದ ಕೈಯಲ್ಲಿರುವ ನಿಜವಾದ ಒಂದು ಕೆಲಸವನ್ನು ಎತ್ತಿಕೊಳ್ಳಿ. ಉದಾಹರಣೆಗೆ ಕಲಬುರಗಿಯ ಶರಣಬಸವೇಶ್ವರ ಜಾತ್ರೆಯಲ್ಲಿ ಕುಡಿಯುವ ನೀರಿನ ಅರವಟಿಗೆ ನಡೆಸುವುದಿದ್ದರೆ, ಈ ಕೆಲಸದಲ್ಲಿ ಉಂಡೆ ಯಾವುದು ಎಂದು ಎಲ್ಲರನ್ನೂ ಕೇಳಿ. ಬ್ಯಾನರ್, ಪೆಂಡಾಲು, ಲೋಟಗಳ ಪಟ್ಟಿ ಬೇಗ ಸಿದ್ಧವಾಗುತ್ತದೆ. ಆದರೆ ಜನಸಂದಣಿಯಲ್ಲಿ ಖಾಲಿಯಾದ ಡ್ರಮ್ಮನ್ನು ಮತ್ತೆ ತುಂಬಿ ತರುವವರು ಯಾವ ದಾರಿಯಿಂದ ಬರುತ್ತಾರೆ ಎಂಬುದೇ ಅಲ್ಲಿನ ಭಾರ. ಜಾತ್ರೆಗೆ ಒಂದು ವಾರ ಮೊದಲು, ಸಂಜೆಯ ದಟ್ಟಣೆಯ ಹೊತ್ತಿನಲ್ಲಿ, ಒಂದೇ ಡ್ರಮ್ಮನ್ನು ಅದೇ ದಾರಿಯಲ್ಲಿ ಒಯ್ದು ತುಂಬಿ ತಂದು, ಹಿಡಿದ ಸಮಯವನ್ನು ಬರೆದಿಟ್ಟುಕೊಳ್ಳಿ; ಎಷ್ಟು ಡ್ರಮ್ಮು, ಎಷ್ಟು ಜನ ಬೇಕೆಂಬ ಲೆಕ್ಕವನ್ನು ಅದರ ಮೇಲೆ ಹಾಕಿ.